ಅರ್ಧಕ್ಕೆ ನಿಂತ ಚರಂಡಿ: ನಗರಸಭೆಯಲ್ಲಿ ಯಾರನ್ನು, ಯಾವಾಗ, ಏನು ಕೇಳಬೇಕು?

ಪ್ರಶ್ನೆ: ಚಿಕ್ಕಮಗಳೂರಿನ ಕಡೂರು ರಸ್ತೆ ಕಡೆಯ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಚರಂಡಿ ಕಾಮಗಾರಿಗೆ ಗುದ್ದಲಿ ಪೂಜೆ ಆಯಿತು, ಫಲಕ ನಿಲ್ಲಿಸಿದರು, ಸ್ವಲ್ಪ ದೂರ ಕೆಲಸ ಆಗಿ ನಿಂತುಹೋಯಿತು. ವಾರ್ಡ್ ಸದಸ್ಯರನ್ನು ಕೇಳಿದರೆ ‘ಸಭೆಯಲ್ಲಿ ಇಡ್ತೀನಿ’ ಅಂತಾರೆ. ಎಂಜಿನಿಯರ್ ‘ಅನುದಾನ ಬರಬೇಕು’ ಅಂತಾರೆ. ಸಭೆ ನಡೆದದ್ದು ನಮಗೆ ಗೊತ್ತಾಗುವುದು ಮರುದಿನ ಪೇಪರ್ ನೋಡಿದಾಗ. ನಗರಸಭೆ ತನ್ನ ಸಭೆಗಳನ್ನೂ ಕಾಮಗಾರಿಗಳನ್ನೂ ಹೇಗೆ ನಿಗದಿ ಮಾಡುತ್ತದೆ? ನಮ್ಮಂಥವರು ಎಲ್ಲಿ, ಯಾವಾಗ ಕೇಳಿದರೆ ಪ್ರಯೋಜನ?

ಉತ್ತರ: ‘ಯಾವಾಗ ಮಾಡ್ತೀರಿ’ ಎಂದು ಕೇಳುವುದನ್ನು ಬಿಟ್ಟು ‘ಕಡತ ಯಾವ ಹಂತದಲ್ಲಿದೆ’ ಎಂದು ಕೇಳಲು ಶುರುಮಾಡಿ. ಮೊದಲ ಪ್ರಶ್ನೆಗೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಎರಡನೆಯದಕ್ಕೆ ಕಾಗದದ ಮೇಲೆ ಒಂದೇ ಒಂದು ಸರಿಯಾದ ಉತ್ತರ ಇರುತ್ತದೆ. ಆ ಹಂತಗಳು ಗೊತ್ತಿದ್ದರೆ ಎಂಜಿನಿಯರ್ ಜೊತೆಗಿನ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಮುಂದೆ ಯಾರ ಟೇಬಲ್‌ಗೆ ಹೋಗಬೇಕೆಂಬುದೂ ತಿಳಿಯುತ್ತದೆ.

ಅದಕ್ಕೂ ಮೊದಲು ಖಾತ್ರಿ ಮಾಡಿಕೊಳ್ಳಬೇಕಾದ ಒಂದು ವಿಷಯವಿದೆ. ನಿಮ್ಮ ಬಡಾವಣೆ ನಗರಸಭೆಯದೇ? ಊರಂಚಿನ ಬಡಾವಣೆಗಳಲ್ಲಿ ಅರ್ಧಕ್ಕರ್ಧ ಗೊಂದಲ ಹುಟ್ಟುವುದು ಇಲ್ಲಿ. ಬಡಾವಣೆ ಮೂರು ಸ್ಥಿತಿಗಳಲ್ಲಿ ಒಂದರಲ್ಲಿ ಇರುತ್ತದೆ. ನಗರಸಭೆಯ ಗಡಿಯಿಂದ ಹೊರಗಿದ್ದರೆ ಗ್ರಾಮ ಪಂಚಾಯಿತಿಗೆ ಸೇರಿದ್ದು. ಅಲ್ಲಿ ನಗರಸಭೆ ಒಂದು ರೂಪಾಯಿಯನ್ನೂ ಹಾಕುವಂತಿಲ್ಲ. ಗಡಿಯ ಒಳಗಿದ್ದು, ನಗರಾಭಿವೃದ್ಧಿ ಪ್ರಾಧಿಕಾರದ ನಕ್ಷೆ ಅನುಮೋದನೆಯಾಗಿದ್ದರೂ ರಸ್ತೆ, ಚರಂಡಿ, ಪಾರ್ಕ್ ಇನ್ನೂ ನಗರಸಭೆಗೆ ಹಸ್ತಾಂತರ ಆಗದೇ ಇರಬಹುದು. ಹಾಗಿದ್ದರೆ ಚರಂಡಿ ಕಟ್ಟಿಸುವುದು ಬಡಾವಣೆ ಮಾಡಿದವರ ಹೊಣೆ, ಅದನ್ನು ಮಾಡಿಸುವುದು ಪ್ರಾಧಿಕಾರದ ಹೊಣೆ. ಮೂರನೆಯದು, ಹಸ್ತಾಂತರವೂ ಆಗಿ ನಗರಸಭೆಯ ಆಸ್ತಿ ಪುಸ್ತಕದಲ್ಲಿ ರಸ್ತೆ ದಾಖಲಾಗಿರುವುದು. ನಿಮ್ಮಲ್ಲಿ ಕಾಮಗಾರಿ ಶುರುವಾಗಿರುವುದರಿಂದ ಇದೇ ಇರಬೇಕು ಅನ್ನಿಸುತ್ತದೆ. ಆದರೂ ಹಸ್ತಾಂತರ ಪತ್ರದ ಪ್ರತಿಯೊಂದನ್ನು ಪಡೆದು ಇಟ್ಟುಕೊಳ್ಳಿ. ನಗರಸಭೆಯಲ್ಲಿ ಮನೆಗೆ ಖಾತೆ ಆಗಿದೆ, ಕಂದಾಯ ಕಟ್ಟುತ್ತಿದ್ದೇವೆ ಎಂಬುದು ಮನೆ ಮುಂದಿನ ರಸ್ತೆ ಹಸ್ತಾಂತರವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಅದನ್ನೇ ನಂಬಿ ಅರ್ಜಿ ಮೇಲೆ ಅರ್ಜಿ ಕೊಟ್ಟು ವರ್ಷ ಕಳೆದುಕೊಂಡ ಬಡಾವಣೆಗಳು ಕಡಿಮೆಯಲ್ಲ.

ಇನ್ನು ನಿಮ್ಮ ಮುಖ್ಯರಸ್ತೆ. ಕಡೂರು ಕಡೆಗೆ ಹೋಗುವ ಕೆ.ಎಂ. ರಸ್ತೆ ಮೂಡಿಗೆರೆಯಿಂದ ಬಂದು ಚಿಕ್ಕಮಗಳೂರು, ಕಡೂರು ಹಾದು ಹೊಳಲ್ಕೆರೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 173ರ ಭಾಗ. ಊರೊಳಗೆ ಹಾದುಹೋಗುತ್ತದೆ ಎಂದ ಮಾತ್ರಕ್ಕೆ ಅದು ನಗರಸಭೆಯ ರಸ್ತೆ ಆಗುವುದಿಲ್ಲ. ನಿಮ್ಮ ಚರಂಡಿಯ ನೀರು ಕೊನೆಗೆ ಹೆದ್ದಾರಿ ಪಕ್ಕದ ಚರಂಡಿಗೆ ಸೇರಬೇಕಾಗಿದ್ದರೆ, ಅಥವಾ ಹೆದ್ದಾರಿಯನ್ನು ಅಡ್ಡ ದಾಟಬೇಕಾಗಿದ್ದರೆ, ಹೆದ್ದಾರಿ ವಿಭಾಗದ ಅನುಮತಿ ಬೇಕು. ಅನುಮತಿ ಇಲ್ಲದೆ ಶುರುವಾದ ಕೆಲಸ ಸರಿಯಾಗಿ ಹೆದ್ದಾರಿಯ ಅಂಚಿಗೆ ಬಂದು ನಿಲ್ಲುತ್ತದೆ. ನಿಮ್ಮ ಚರಂಡಿ ಎಲ್ಲಿ ನಿಂತಿದೆ ಎಂದು ಹೋಗಿ ನೋಡಿ. ನಿಂತ ಜಾಗವೇ ಎಷ್ಟೋ ಸಲ ಕಾರಣ ಹೇಳಿಬಿಡುತ್ತದೆ. ವಿದ್ಯುತ್ ಕಂಬದ ಬುಡದಲ್ಲಿ ನಿಂತಿದ್ದರೆ ಕಂಬ ಸರಿಸಲು ಮೆಸ್ಕಾಂಗೆ ಹಣ ಕಟ್ಟಿಲ್ಲ. ದೊಡ್ಡ ಮರದ ಹತ್ತಿರ ನಿಂತಿದ್ದರೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬಂದಿಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅದು ಬೇಕೇ ಬೇಕು. ಯಾರದೋ ಕಾಂಪೌಂಡ್ ಗೋಡೆ ಎದುರು ನಿಂತಿದ್ದರೆ ಗಡಿಯ ತಕರಾರು, ಸರ್ವೆ ಆಗಬೇಕು. ಗುಂಡಿ ತೋಡಿದಲ್ಲಿ ಬಂಡೆ ಕಾಣುತ್ತಿದ್ದರೆ ಅಂದಾಜು ಪಟ್ಟಿಯಲ್ಲಿ ಬರೀ ಮಣ್ಣು ಅಗೆಯುವ ದರ ಹಾಕಿದ್ದಾರೆ, ಬಂಡೆ ಒಡೆಯುವ ಖರ್ಚಿಗೆ ಪರಿಷ್ಕೃತ ಅಂದಾಜು ಆಗದೆ ಗುತ್ತಿಗೆದಾರ ಮುಂದೆ ಹೋಗುವುದಿಲ್ಲ. ಇದ್ಯಾವುದೂ ಇಲ್ಲದೆ ಬಯಲಿನ ಮಧ್ಯೆ ನಿಂತಿದ್ದರೆ ಬಹುತೇಕ ಬಿಲ್ಲಿನ ಸಮಸ್ಯೆ, ಇಲ್ಲವೇ ಅಂದಾಜಿನ ಉದ್ದ ಅಲ್ಲಿಗೇ ಮುಗಿದಿದೆ.

ಈಗ ಸಭೆಯ ವಿಚಾರ. ಚಿಕ್ಕಮಗಳೂರು ನಗರಸಭೆಯಲ್ಲಿ 35 ವಾರ್ಡ್‌ಗಳು. ಆಡಳಿತ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ. ತಿಂಗಳಿಗೊಂದು ಸಾಮಾನ್ಯ ಸಭೆ ನಡೆಯಬೇಕು, ದಿನಾಂಕ ನಿಗದಿ ಮಾಡುವವರು ಅಧ್ಯಕ್ಷರು. ಸಾಮಾನ್ಯ ಸಭೆಗೆ 7 ಪೂರ್ಣ ದಿನ, ವಿಶೇಷ ಸಭೆಗೆ 3 ಪೂರ್ಣ ದಿನ ಮೊದಲು ಸದಸ್ಯರಿಗೆ ತಿಳಿವಳಿಕೆ ಪತ್ರ ಹೋಗಬೇಕು, ಚರ್ಚೆಯ ವಿಷಯಗಳನ್ನು ಅದರಲ್ಲೇ ನಮೂದಿಸಬೇಕು, ಕಚೇರಿಯ ಸೂಚನಾ ಫಲಕಕ್ಕೂ ಅಂಟಿಸಬೇಕು. ಹಾಗಾಗಿ ಪೇಪರ್‌ನಲ್ಲಿ ಬರುವವರೆಗೆ ಕಾಯುವ ಅಗತ್ಯವಿಲ್ಲ. ಬಡಾವಣೆಯ ಒಬ್ಬರು ವಾರಕ್ಕೊಮ್ಮೆ ಸೂಚನಾ ಫಲಕದ ಫೋಟೊ ತೆಗೆದು ಎಲ್ಲರಿಗೂ ಕಳಿಸಿದರೆ ಆಯಿತು. ವಾರ್ಡ್ ಸದಸ್ಯರ ಕೈಗೆ ಕಾರ್ಯಸೂಚಿ ಬಂದ ದಿನವೇ ಅದರ ಪ್ರತಿ ಕೇಳಿ. ಅದರಲ್ಲಿ ಗುಟ್ಟೇನೂ ಇಲ್ಲ. ಸಭೆಯೂ ಸಾರ್ವಜನಿಕರಿಗೆ ಮುಚ್ಚಿದ್ದಲ್ಲ, ಸಭಾಧ್ಯಕ್ಷರು ನಿರ್ದಿಷ್ಟ ವಿಷಯವನ್ನು ಗೋಪ್ಯವಾಗಿ ಚರ್ಚಿಸಬೇಕೆಂದು ತೀರ್ಮಾನಿಸಿದಾಗ ಮಾತ್ರ ಹೊರಗೆ ಹೋಗಬೇಕಾಗುತ್ತದೆ. ಕುಳಿತು ಕೇಳಬಹುದು, ಮಾತನಾಡುವ ಹಕ್ಕು ಮಾತ್ರ ಇರುವುದಿಲ್ಲ.

ಕಾರ್ಯಸೂಚಿ ತಯಾರಾಗುವ ರೀತಿ ತಿಳಿದರೆ ‘ಸಭೆಯಲ್ಲಿ ಇಡ್ತೀನಿ’ ಎಂಬ ಮಾತಿನ ತೂಕವೂ ತಿಳಿಯುತ್ತದೆ. ಎಂಜಿನಿಯರಿಂಗ್, ಆರೋಗ್ಯ, ಕಂದಾಯ, ಲೆಕ್ಕ ಶಾಖೆಗಳು ತಮ್ಮ ತಮ್ಮ ವಿಷಯಕ್ಕೆ ಟಿಪ್ಪಣಿ ಬರೆದು ಪೌರಾಯುಕ್ತರಿಗೆ ಸಲ್ಲಿಸುತ್ತವೆ. ಪೌರಾಯುಕ್ತರು ಪರಿಶೀಲಿಸಿ ಅಧ್ಯಕ್ಷರ ಮುಂದಿಡುತ್ತಾರೆ. ನಂತರ ಪಟ್ಟಿ ಅಂತಿಮವಾಗುತ್ತದೆ. ಮೊದಲು ಹಿಂದಿನ ಸಭೆಯ ನಡಾವಳಿ ದೃಢೀಕರಣ, ಆಮೇಲೆ ಜಮಾ-ಖರ್ಚು, ಬಳಿಕ ಹೊಸ ವಿಷಯಗಳು, ಟೆಂಡರ್ ದರಗಳ ಅನುಮೋದನೆ, ಕಡೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’. ಟಿಪ್ಪಣಿ ಸಮೇತ ಪಟ್ಟಿಯಲ್ಲಿ ಬಂದ ವಿಷಯಕ್ಕೆ ಅಂದಾಜು ಮೊತ್ತ ಇರುತ್ತದೆ, ಯಾವ ಲೆಕ್ಕ ಶೀರ್ಷಿಕೆಯಿಂದ ಖರ್ಚು ಎಂಬುದಿರುತ್ತದೆ. ಹಾಗೆ ಬಂದ ನಿರ್ಣಯ ಜಾರಿಯಾಗುತ್ತದೆ. ಕಡೆಯ ‘ಇತರ ವಿಷಯ’ದಲ್ಲಿ ಬಾಯಿಮಾತಿನಲ್ಲಿ ಎದ್ದದ್ದು ನಡಾವಳಿಯಲ್ಲಿ ‘ಸದಸ್ಯರು ಗಮನ ಸೆಳೆದರು, ಪರಿಶೀಲಿಸಲಾಗುವುದು’ ಎಂಬ ಒಂದು ಸಾಲಾಗಿ ಉಳಿಯುತ್ತದೆ. ಅದರ ಆಧಾರದ ಮೇಲೆ ಯಾವ ಎಂಜಿನಿಯರೂ ಅಂದಾಜು ಪಟ್ಟಿ ಹಾಕುವುದಿಲ್ಲ. ಆದ್ದರಿಂದ ನಿಮ್ಮ ಸದಸ್ಯರಿಗೆ ಸಭೆಗೆ ಎರಡು ಮೂರು ವಾರ ಮೊದಲೇ ಲಿಖಿತ ಮನವಿ ಕೊಟ್ಟು, ಅವರೂ ಅದನ್ನು ತಮ್ಮ ಲಿಖಿತ ಪ್ರಸ್ತಾವವಾಗಿ ಕಳಿಸುವಂತೆ ನೋಡಿಕೊಳ್ಳಿ. ಸಭೆಯ ಹಿಂದಿನ ದಿನ ಸಂಜೆ ಫೋನ್ ಮಾಡಿ ಹೇಳಿದರೆ ಸಿಗುವುದು ಆ ಒಂದು ಸಾಲು ಮಾತ್ರ.

ಸಭೆಗಳಲ್ಲಿ ಸಮಯ ಹೋಗುವ ರೀತಿ ಬೇಸರ ತರಿಸುವಂಥದ್ದು. ನೀರು, ಕಸ, ಬೀದಿದೀಪ ಅಂತ ಮೊದಲ ಎರಡು ಮೂರು ಗಂಟೆ ಕಳೆದು, ಪಟ್ಟಿಯಲ್ಲಿನ ಡಜನ್‌ಗಟ್ಟಲೆ ವಿಷಯಗಳು ಕಡೆಯ ಕೆಲವೇ ನಿಮಿಷಗಳಲ್ಲಿ ಒಟ್ಟಾಗಿ ಅನುಮೋದನೆ ಆಗುವುದುಂಟು. ಇದು ನಗರದ ಹಣಕ್ಕೆ ಒಳ್ಳೆಯದಲ್ಲ. ಸದಸ್ಯರು ಪಟ್ಟಿಯನ್ನು ಮುಂಚೆಯೇ ಓದಿಕೊಂಡು, ಯಾವ ನಾಲ್ಕೈದು ವಿಷಯಕ್ಕೆ ಚರ್ಚೆ ಬೇಕು ಎಂದು ಮೊದಲೇ ಗುರುತು ಹಾಕಿಕೊಂಡು ಬಂದರೆ ಸಾಕು, ಸಭೆಯ ಗುಣವೇ ಬದಲಾಗುತ್ತದೆ. ಇದನ್ನು ಸದಸ್ಯರ ಬಳಿ ಧೈರ್ಯವಾಗಿ ಕೇಳಿ, ಮತ ಕೇಳಲು ಬಂದಾಗಲೂ ಕೇಳಿ. ಸಭೆ ಮುಗಿದ ಮೇಲೆ ನಡಾವಳಿ ಸಿದ್ಧವಾಗಲು ಹಲವು ದಿನ ಬೇಕು. ನಿರ್ಣಯದ ಸಂಖ್ಯೆ ಮತ್ತು ದಿನಾಂಕವನ್ನು ಗುರುತು ಮಾಡಿಕೊಳ್ಳುವುದನ್ನು ಮರೆಯಬೇಡಿ. ಕಚೇರಿಯಲ್ಲಿ ಮುಂದೆ ನೀವು ಏನೇ ಕೇಳಿದರೂ ಆ ಸಂಖ್ಯೆ ಹಿಡಿದೇ ಹುಡುಕುತ್ತಾರೆ. ಆಯ್ಕೆಯಾದ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಕಾಲದಲ್ಲಿ ಈ ಮಾಸಿಕ ಸಭೆ ಇರುವುದಿಲ್ಲ. ಆಗ ತೀರ್ಮಾನ ಆಡಳಿತಾಧಿಕಾರಿಯದು, ನಿಮ್ಮ ಅರ್ಜಿ ನೇರ ಅವರಿಗೂ ಪೌರಾಯುಕ್ತರಿಗೂ ಹೋಗಬೇಕು.

‘ಬೆಂಗಳೂರಿನಲ್ಲಿ ವಾರ್ಡ್ ಸಮಿತಿ ಇದೆಯಂತೆ, ನಮಗೇಕಿಲ್ಲ’ ಎಂದೂ ಹಲವರು ಕೇಳುತ್ತಾರೆ. 1993ರ ಜೂನ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಚಿಕ್ಕಮಗಳೂರು 2011ರ ಜನಗಣತಿಯಲ್ಲಿ 1.18 ಲಕ್ಷದ ಆಸುಪಾಸಿನಲ್ಲಿತ್ತು. ಹಾಗಾಗಿ ಇಲ್ಲಿ ಜನ ಅಧಿಕೃತವಾಗಿ ಬಾಯಿಬಿಡಲು ಇರುವ ದೊಡ್ಡ ಅವಕಾಶ ಆಯವ್ಯಯ ಪೂರ್ವಭಾವಿ ಸಭೆ. ಅದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಖಾಲಿ ಕುರ್ಚಿಗಳ ಮುಂದೆ ಆ ಸಭೆ ಮುಗಿದುಹೋಗುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಅದರ ಕಾಲ ಹೀಗಿದೆ. ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಬಜೆಟ್ ಮಾರ್ಚ್ ಒಳಗೆ ಆಗಬೇಕಾದರೆ ಲೆಕ್ಕ ಶಾಖೆ ನವೆಂಬರ್, ಡಿಸೆಂಬರ್ ಹೊತ್ತಿಗೇ ಪ್ರತಿ ಶಾಖೆಯಿಂದ ಬೇಡಿಕೆ ತರಿಸಿಕೊಳ್ಳುತ್ತದೆ. ಪೂರ್ವಭಾವಿ ಸಭೆಗಳು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಫೆಬ್ರುವರಿ ನಡುವೆ ನಡೆಯುತ್ತವೆ, ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ ಬರುತ್ತದೆ. ಅಲ್ಲಿ ‘ನಮ್ಮ ಬಡಾವಣೆಗೆ ಮೂಲಸೌಕರ್ಯ ಕೊಡಿ’ ಎಂದರೆ ಪ್ರಯೋಜನವಿಲ್ಲ. ‘ಇಂಥ ಅಡ್ಡರಸ್ತೆಯಲ್ಲಿ, ಇಂಥ ತಿರುವಿನಿಂದ ಇಂಥ ಮೋರಿಯವರೆಗೆ 140 ಮೀಟರ್ ಚರಂಡಿ’ ಎಂದು ಬರೆದು, ಕೈಯಲ್ಲೇ ಒಂದು ನಕ್ಷೆ ಬಿಡಿಸಿ, ಮಳೆಗಾಲದ ದಿನಾಂಕ ಇರುವ ಎರಡು ಫೋಟೊ ಅಂಟಿಸಿ, ಮೂರು ಪ್ರತಿ ಮಾಡಿ. ಒಂದು ಪೌರಾಯುಕ್ತರಿಗೆ, ಇನ್ನೊಂದು ಎಂಜಿನಿಯರಿಂಗ್ ಶಾಖೆಗೆ. ಮೂರನೆಯದರ ಮೇಲೆ ಸ್ವೀಕೃತಿ ಮೊಹರು ಮತ್ತು ಸಂಖ್ಯೆ ಹಾಕಿಸಿಕೊಂಡು ನೀವೇ ಇಟ್ಟುಕೊಳ್ಳಿ. ಸಂಖ್ಯೆ ಇಲ್ಲದ ಅರ್ಜಿ ಕಚೇರಿಯ ಲೆಕ್ಕದಲ್ಲಿ ಬಂದೇ ಇಲ್ಲ. ಫೋಟೊ ಜೂನ್‌ನಿಂದ ಆಗಸ್ಟ್ ಒಳಗೆ ತೆಗೆದಿರಬೇಕು. ಡಿಸೆಂಬರ್‌ನಲ್ಲಿ ಒಣಗಿದ ಗುಂಡಿ ತೋರಿಸಿದರೆ ಯಾರಿಗೂ ತುರ್ತು ಅನ್ನಿಸುವುದಿಲ್ಲ.

‘ಅನುದಾನ ಬರಬೇಕು’ ಎಂಬ ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಯಾವ ಅನುದಾನ ಎಂದು ಕೇಳಬೇಕು. ನಗರಸಭೆಗೆ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆಯಿಂದ ಬರುವ ಸ್ವಂತ ನಿಧಿ ಇದೆ. ರಾಜ್ಯ ಹಣಕಾಸು ಆಯೋಗದ ನಿಧಿ ಇದೆ, ಕಚೇರಿಯಲ್ಲಿ ಎಸ್‌ಎಫ್‌ಸಿ ಅನ್ನುತ್ತಾರೆ. ಕೇಂದ್ರದ ಹಣಕಾಸು ಆಯೋಗದ ಅನುದಾನ ಇದೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಚಿಕ್ಕಮಗಳೂರಿನಂಥ ನಗರಗಳಿಗೆ ಅದರ ಶೇ 40 ಭಾಗ ಮುಕ್ತ, ಉಳಿದ ಶೇ 60 ಭಾಗ ನಿರ್ಬಂಧಿತ. ಆ ನಿರ್ಬಂಧಿತ ಭಾಗದಲ್ಲೂ ಅರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹಕ್ಕೆ. ಅಮೃತ್, ನಗರೋತ್ಥಾನದಂಥ ಯೋಜನೆಗಳು ಬೇರೆ. ಕುಡಿಯುವ ನೀರಿಗೆ ಮೀಸಲಾದ ಹಣ ಖಾತೆಯಲ್ಲಿದ್ದರೂ ಅದರಿಂದ ನಿಮ್ಮ ರಸ್ತೆಗೆ ಡಾಂಬರು ಹಾಕುವಂತಿಲ್ಲ. ಇದರ ಮೇಲೆ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣಕ್ಕೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ತೆಗೆದಿಡಬೇಕು. ಅದು ನ್ಯಾಯವಾದ ಮೀಸಲು, ಅದನ್ನು ಬೇರೆಡೆಗೆ ತಿರುಗಿಸಬಾರದು. ಹೀಗಾಗಿ ಒಟ್ಟು ಬಜೆಟ್ಟನ್ನು 35ರಿಂದ ಭಾಗಿಸಿ ‘ನಮ್ಮ ವಾರ್ಡಿಗೆ ಇಷ್ಟು ಬರಬೇಕಿತ್ತು’ ಎನ್ನುವ ಲೆಕ್ಕ ನಿಲ್ಲುವುದಿಲ್ಲ.

ಮೊತ್ತದಲ್ಲೂ ಒಂದು ಸೂಕ್ಷ್ಮವಿದೆ. ಫಲಕದಲ್ಲಿ ‘10 ಲಕ್ಷ ರೂ.’ ಎಂದಿದ್ದರೆ ಅಷ್ಟೂ ಹಣ ಚರಂಡಿಗೆ ಹೋಗುವುದಿಲ್ಲ. ಕಾಮಗಾರಿ ಮೇಲೆ ಶೇ 18 ಜಿಎಸ್‌ಟಿ ಇದೆ. ಅದನ್ನು ಒಳಗೊಂಡ ಮೊತ್ತ 10 ಲಕ್ಷವಾದರೆ ನಿಜವಾದ ಕೆಲಸಕ್ಕೆ ಉಳಿಯುವುದು 8.47 ಲಕ್ಷದಷ್ಟು. ಅದರಲ್ಲೇ ಕಾರ್ಮಿಕ ಕಲ್ಯಾಣ ಸೆಸ್ ಶೇ 1 ಕೂಡ ಹೋಗುತ್ತದೆ. ಮಂಜೂರಾದ ಮೊತ್ತಕ್ಕೆ ಕೆಲಸವನ್ನು ಹೊಂದಿಸಲು ಉದ್ದ ಕತ್ತರಿಸುತ್ತಾರೆ. ಚರಂಡಿ ಅರ್ಧಕ್ಕೆ ನಿಲ್ಲುವ ಅತಿ ಸಾಮಾನ್ಯ ಕಾರಣ ಇದೇ. ಅಂಥ ಕಡೆ ಕಚೇರಿಯ ದಾಖಲೆಯ ಪ್ರಕಾರ ಕೆಲಸ ಪೂರ್ಣವಾಗಿರುತ್ತದೆ!

ಅಂದಾಜು ಪಟ್ಟಿಯನ್ನು ಓದುವುದು ಕಷ್ಟವಲ್ಲ, ಒಂದು ಉದಾಹರಣೆ ನೋಡಿ. ಒಳಅಳತೆ 60 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಕಾಂಕ್ರೀಟ್ ಚರಂಡಿ, ಗೋಡೆಯೂ ತಳವೂ 15 ಸೆಂ.ಮೀ. ದಪ್ಪ ಎಂದುಕೊಳ್ಳಿ. ತಳದ ಹೊರಅಗಲ 90 ಸೆಂ.ಮೀ. ಆಗುತ್ತದೆ. ಒಂದು ಮೀಟರ್ ಉದ್ದಕ್ಕೆ ತಳದಲ್ಲಿ 0.135 ಘನ ಮೀಟರ್, ಎರಡು ಗೋಡೆಗೆ 0.18, ಒಟ್ಟು 0.315 ಘನ ಮೀಟರ್ ಕಾಂಕ್ರೀಟ್. 100 ಮೀಟರ್‌ಗೆ 31.5 ಘನ ಮೀಟರ್. ಮೇಲೆ 10 ಸೆಂ.ಮೀ. ದಪ್ಪದ ಚಪ್ಪಡಿ ಮುಚ್ಚಿದರೆ ಇನ್ನೊಂದು 9 ಘನ ಮೀಟರ್. ಇದಕ್ಕೂ ಕೆಳಗೆ, ಅಗೆದ ಮಣ್ಣಿನ ಮೇಲೆ, 10 ಸೆಂ.ಮೀ. ಸಾದಾ ಕಾಂಕ್ರೀಟಿನ ಹಾಸು ಇರಬೇಕು, ಅದು 1.1 ಮೀಟರ್ ಅಗಲವಿದ್ದರೆ 100 ಮೀಟರ್‌ಗೆ 11 ಘನ ಮೀಟರ್. ಈ ಹಾಸು ಆಮೇಲೆ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಮೊದಲು ತಪ್ಪಿಹೋಗುವುದೂ ಅದೇ. ಹಾಸು ಹಾಕುವ ದಿನ ಒಬ್ಬರು ಟೇಪ್ ಹಿಡಿದು ಅಲ್ಲಿರಿ. ಪಟ್ಟಿಯಲ್ಲಿನ ಪ್ರಮಾಣಗಳನ್ನು ಈ ರೀತಿ ನೀವೇ ಲೆಕ್ಕ ಹಾಕಿ ತಾಳೆ ನೋಡಬಹುದು. ದರಗಳು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಿಂದ ಬರುತ್ತವೆ, ಅದನ್ನು ಕಚೇರಿಯಲ್ಲಿ ಎಸ್‌ಆರ್ ಅನ್ನುತ್ತಾರೆ.

ಪ್ರಮಾಣಕ್ಕಿಂತ ಮುಖ್ಯವಾದದ್ದು ಇಳಿಜಾರು ಮತ್ತು ನೀರು ಕೊನೆಗೆ ಸೇರುವ ಜಾಗ. 200 ಮೀಟರ್‌ಗೆ 1 ಮೀಟರ್ ಇಳಿಜಾರು ಎಂದರೆ 100 ಮೀಟರ್ ಚರಂಡಿಯ ಎರಡು ತುದಿಗಳ ನಡುವೆ 50 ಸೆಂ.ಮೀ. ವ್ಯತ್ಯಾಸ ಇರಬೇಕು. ಕೊನೆಯ ಮೋರಿಯ ತಳ ನಿಮ್ಮ ಚರಂಡಿಯ ತಳಕ್ಕಿಂತ ಎತ್ತರವಿದ್ದರೆ ಎಷ್ಟು ಗಟ್ಟಿಯಾಗಿ ಕಟ್ಟಿದರೂ ನೀರು ನಿಲ್ಲುತ್ತದೆ. ಅಂದಾಜು ಮಾಡುವಾಗ ಲೆವೆಲ್ ಹಿಡಿದಿದ್ದಾರೆಯೇ, ನೀರು ಯಾವ ಹಳ್ಳಕ್ಕೆ ಅಥವಾ ಕಾಲುವೆಗೆ ಸೇರುತ್ತದೆ ಎಂದು ನಕ್ಷೆಯಲ್ಲಿ ತೋರಿಸಿದ್ದಾರೆಯೇ ಎಂದು ಕೇಳಿ. ಕೆಲಸವನ್ನು ಸೇರುವ ತುದಿಯಿಂದ ಮೇಲಕ್ಕೆ ಕಟ್ಟಿಕೊಂಡು ಬರಬೇಕು. ಮೇಲಿನಿಂದ ಕೆಳಕ್ಕೆ ಕಟ್ಟುತ್ತಾ ಹೋಗಿ ಹಣ ಮುಗಿದರೆ ಕೊನೆಯ ಮನೆಯ ಮುಂದೆ ಕೆರೆ. ಈ ಒಂದು ಷರತ್ತನ್ನು ಅಂದಾಜಿನ ಹಂತದಲ್ಲೇ ಬರೆಸಿಬಿಟ್ಟರೆ, ಅನುದಾನ ಕಡಿಮೆ ಬಿದ್ದು ಉದ್ದ ಕತ್ತರಿಸಿದರೂ ಆದಷ್ಟು ಭಾಗ ಉಪಯೋಗಕ್ಕೆ ಬರುತ್ತದೆ.

ಕಡತ ಸಾಗುವ ದಾರಿ ಇದು: ಕಿರಿಯ ಎಂಜಿನಿಯರ್ ಸ್ಥಳ ನೋಡಿ ಅಂದಾಜು ಪಟ್ಟಿ ಮಾಡುತ್ತಾರೆ, ಮೇಲಿನ ಎಂಜಿನಿಯರ್‌ಗಳು ತಮ್ಮ ಅಧಿಕಾರ ಮಿತಿಗೆ ತಕ್ಕಂತೆ ತಾಂತ್ರಿಕ ಮಂಜೂರಾತಿ ಕೊಡುತ್ತಾರೆ, ಕಾಮಗಾರಿ ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಯಲ್ಲಿ, ಸೇರಿ ಸಭೆಯ ಒಪ್ಪಿಗೆ ಪಡೆಯುತ್ತದೆ, ಯೋಜನೆಗೆ ತಕ್ಕಂತೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಅನುಮೋದನೆಯಾಗುತ್ತದೆ. ಆಮೇಲೆ 1999ರ ಪಾರದರ್ಶಕತೆ ಕಾಯ್ದೆಯಂತೆ ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಟೆಂಡರ್, ದರ ಒಪ್ಪಿಗೆ, ಕರಾರು, ಕಾರ್ಯಾದೇಶ. ಕೆಲಸ ಆದಂತೆ, ಆದಷ್ಟನ್ನು ಅಳೆದು ಬರೆದಿಡುವ ಅಳತೆ ಪುಸ್ತಕ, ಬಿಲ್. ಇವುಗಳಲ್ಲಿ ಯಾವುದೂ ಒಂದೆರಡು ದಿನದಲ್ಲಿ ಆಗುವಂಥದ್ದಲ್ಲ. ಅಕ್ಟೋಬರ್‌ನಲ್ಲಿ ಅಂದಾಜು ಶುರುವಾದರೆ ಕಾರ್ಯಾದೇಶ ಕೈಗೆ ಬರುವಾಗ ಬೇಸಿಗೆ ಬಂದಿರುತ್ತದೆ. ಮಲೆನಾಡಿನ ಅಂಚಿನ ನಮ್ಮ ಊರಲ್ಲಿ ಡಾಂಬರು ಕೆಲಸಕ್ಕೆ ಸಿಗುವುದು ಹೆಚ್ಚುಕಡಿಮೆ ನವೆಂಬರ್‌ನಿಂದ ಮೇ ನಡುವಿನ ದಿನಗಳು ಮಾತ್ರ. ಒದ್ದೆ ತಳದ ಮೇಲೆ ಡಾಂಬರು ಕಚ್ಚುವುದಿಲ್ಲ. ಏಪ್ರಿಲ್‌ನಲ್ಲಿ ಕಾರ್ಯಾದೇಶ ಸಿಕ್ಕ ಗುತ್ತಿಗೆದಾರ ಮೇ ಕೊನೆಯ ವಾರ ಅವಸರ ಮಾಡುತ್ತಾನೆ, ಜೂನ್ ಮಳೆಗೆ ಜಲ್ಲಿ ಎದ್ದು ಬರುತ್ತದೆ. ಮಧ್ಯೆ ಚುನಾವಣೆಯ ನೀತಿ ಸಂಹಿತೆ ಬಂದರೆ ಹೊಸ ಟೆಂಡರ್‌ಗಳು ನಿಲ್ಲುತ್ತವೆ, ಇಡೀ ಋತುವೇ ಕೈತಪ್ಪುತ್ತದೆ. ಆದ್ದರಿಂದ ಮಳೆಗಾಲದಲ್ಲೇ ಅಂದಾಜು ಮುಗಿಸಿ, ದಸರಾ ಹೊತ್ತಿಗೆ ಟೆಂಡರ್ ಕರೆಯುವ ಹಾಗೆ ನಗರಸಭೆ ವರ್ಷದ ಕೆಲಸ ಜೋಡಿಸಿಕೊಳ್ಳಬೇಕು. ಇದು ಹಣದ ಪ್ರಶ್ನೆಯೇ ಅಲ್ಲ, ಕ್ಯಾಲೆಂಡರಿನ ಪ್ರಶ್ನೆ.

ಟೆಂಡರ್‌ನಲ್ಲಿ ಎರಡು ಅಪಾಯಗಳನ್ನು ಗಮನಿಸಿ. ಅಂದಾಜಿಗಿಂತ ತೀರಾ ಕಡಿಮೆ ದರ ಹಾಕಿ ಕೆಲಸ ಹಿಡಿದವರು ಲಾಭವಿರುವ ಭಾಗ, ಅಂದರೆ ಅಗೆತ ಮತ್ತು ಸಾಗಣೆ, ಮೊದಲು ಮುಗಿಸಿ ಬಿಲ್ ಪಡೆದು ಕಾಂಕ್ರೀಟಿನ ಹೊತ್ತಿಗೆ ನಿಧಾನ ಮಾಡುತ್ತಾರೆ. ಇನ್ನೊಂದು, ಒಂದೇ ಚರಂಡಿಯನ್ನು ಮೂರು ತುಂಡು ಮಾಡಿ ಮೂವರಿಗೆ ಕೊಡುವುದು. ಮೂರೂ ತುಂಡುಗಳ ತಳಮಟ್ಟ ಒಂದಕ್ಕೊಂದು ಕೂಡುವುದಿಲ್ಲ.

ರಸ್ತೆ ಅಗೆತದ ಕ್ರಮವೂ ಬಹಳ ಮುಖ್ಯ. ಅತಿ ಆಳದಲ್ಲಿರುವ ಒಳಚರಂಡಿ ಮೊದಲು, ಬಳಿಕ ನೀರಿನ ಕೊಳವೆ, ಮಳೆನೀರು ಚರಂಡಿ, ಕೇಬಲ್, ಕಡೆಗೆ ರಸ್ತೆ. ಒಳಚರಂಡಿ ಮತ್ತು ನೀರಿನ ದೊಡ್ಡ ಕಾಮಗಾರಿಗಳನ್ನು ಮಾಡಿಸುವುದು ನಗರಸಭೆಯ ಎಂಜಿನಿಯರ್‌ಗಳಲ್ಲ, ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಎರಡೂ ಕಚೇರಿಗಳು ಒಂದೇ ರಸ್ತೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂರದಿದ್ದರೆ ಹೊಸ ಕಾಂಕ್ರೀಟ್ ರಸ್ತೆ ಆರು ತಿಂಗಳಲ್ಲಿ ಸೀಳಿಹೋಗುತ್ತದೆ. ಅಗೆದ ಕಂದಕವನ್ನು 15–20 ಸೆಂ.ಮೀ. ಪದರ ಪದರವಾಗಿ ತುಂಬಿ ದಮ್ಮಸು ಮಾಡಬೇಕು. ಒಂದೇ ಸಲ ಜೆಸಿಬಿಯಲ್ಲಿ ಮಣ್ಣು ಎಳೆದು ಮುಚ್ಚಿದರೆ ಮೊದಲ ಮಳೆಗಾಲಕ್ಕೆ ಕುಸಿಯುತ್ತದೆ. ರಸ್ತೆ ಅಗೆದ ಸಂಸ್ಥೆಯಿಂದ ಪಡೆದ ಠೇವಣಿಯನ್ನು ಒಂದು ಮಳೆಗಾಲ ಕಳೆದ ಮೇಲಷ್ಟೇ ಹಿಂದಿರುಗಿಸುವುದು ಸರಿಯಾದ ಪದ್ಧತಿ.

ಇನ್ನು ಜನರಿಗೆ ಮಾಹಿತಿ ಕೊಡುವ ವಿಚಾರ. ನಗರಸಭೆಗಳು ಇದರಲ್ಲಿ ಸೋಲುವುದು ಸಾಧನಗಳ ಕೊರತೆಯಿಂದ ಅಲ್ಲ. ಸೂಚನಾ ಫಲಕ, ಜಾಲತಾಣ, ವಾರ್ಡ್ ವಾಟ್ಸ್‌ಆ್ಯಪ್ ಗುಂಪು, ದಿನವೂ ಮನೆ ಮುಂದೆ ಬರುವ ಕಸದ ಗಾಡಿಯ ಧ್ವನಿವರ್ಧಕ, ಎಲ್ಲವೂ ಇವೆ. ಕೆಲಸ ಶುರುವಾದಾಗ ಫೋಟೊ ಬರುತ್ತದೆ, ಮುಗಿದಾಗ ಫೋಟೊ ಬರುತ್ತದೆ, ನಿಂತಾಗ ಮೌನ. ಜನರಿಗೆ ಮಾಹಿತಿ ಬೇಕಾಗಿರುವುದು ನಿಂತಾಗ. ಒಂದು ಒಳ್ಳೆಯ ಸೂಚನೆ ಹೀಗಿರಬೇಕು: ‘ನಿಮ್ಮ ಬಡಾವಣೆಯ 2ನೇ ಅಡ್ಡರಸ್ತೆ ಚರಂಡಿ: 140 ಮೀಟರ್‌ನಲ್ಲಿ 85 ಮೀಟರ್ ಮುಗಿದಿದೆ. ಎರಡು ವಿದ್ಯುತ್ ಕಂಬ ಸ್ಥಳಾಂತರಕ್ಕೆ ಮೆಸ್ಕಾಂಗೆ ಪತ್ರ ಬರೆಯಲಾಗಿದೆ, ಹಣ ಪಾವತಿ ಬಾಕಿ. ಕಂಬ ಸರಿದ ಬಳಿಕ ಉಳಿದ ಕೆಲಸಕ್ಕೆ 15 ದಿನ. ಅಲ್ಲಿಯವರೆಗೆ ತೆರೆದ ಭಾಗಕ್ಕೆ ಬೇಲಿ ಇದೆ. ಮುಂದಿನ ಮಾಹಿತಿ ಬರುವ ತಿಂಗಳ 5ನೇ ತಾರೀಕು. ವಿಚಾರಣೆಗೆ ಕಿರಿಯ ಎಂಜಿನಿಯರ್, ಕಚೇರಿ ದೂರವಾಣಿ.’ ಇದರಲ್ಲಿ ಬಹಳ ಬೆಲೆಬಾಳುವ ಸಾಲು ಮುಂದಿನ ಮಾಹಿತಿಯ ದಿನಾಂಕ. ಅದೊಂದು ಇದ್ದರೆ ದಿನಕ್ಕೆ ಇಪ್ಪತ್ತು ಜನ ಫೋನ್ ಮಾಡುವುದು ತಪ್ಪುತ್ತದೆ. ನೀರಿನ ಸೂಚನೆಯೂ ಹಾಗೆಯೇ. ‘ತಾಂತ್ರಿಕ ಕಾರಣದಿಂದ ವ್ಯತ್ಯಯ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಗಚಿ ಕಡೆಯ ಪಂಪ್ ದುರಸ್ತಿಯೇ, ಹಿರೇಕೊಳಲೆ ಕೆರೆಯ ಕೊಳವೆ ಒಡೆದಿದೆಯೇ, ಯಾವ ಬಡಾವಣೆಗೆ ಯಾವ ದಿನ ನೀರು ಎಂದು ಹೇಳಿದರೆ ಮನೆಯವರು ಎಷ್ಟು ತುಂಬಿಟ್ಟುಕೊಳ್ಳಬೇಕೆಂದು ತಾವೇ ತೀರ್ಮಾನಿಸುತ್ತಾರೆ.

ಕಾಮಗಾರಿ ಸ್ಥಳದ ಫಲಕದಲ್ಲಿ ಯೋಜನೆ, ಮೊತ್ತ, ಉದ್ದ, ಗುತ್ತಿಗೆದಾರ, ಶುರು ಮತ್ತು ಮುಕ್ತಾಯದ ದಿನಾಂಕ ಇರಬೇಕು. ನಿಮ್ಮಲ್ಲಿನ ಫಲಕದಲ್ಲಿ ಉದ್ದ ಬರೆದಿದೆಯೇ ನೋಡಿ. ಬರೆದಿದ್ದರೆ ಟೇಪ್ ಹಿಡಿದು ಅಳೆದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಬಳಸಿ, ಜಗಳಕ್ಕಾಗಿ ಅಲ್ಲ, ದಾಖಲೆಗಾಗಿ. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇದನ್ನು ಮೀರಿದ ಅರ್ಜಿಗಳು ಸುಮ್ಮನೆ ವಾಪಸ್ ಬರುತ್ತವೆ. ‘ಚರಂಡಿ ಯಾಕೆ ನಿಂತಿದೆ’ ಎಂದು ಬರೆಯಬೇಡಿ, ಕಾರಣ ಕೇಳುವ ಪ್ರಶ್ನೆಗೆ ಉತ್ತರ ಬರುವುದು ಕಷ್ಟ. ಹೀಗೆ ಬರೆಯಿರಿ: ‘ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಕರಾರು, ಅಳತೆ ಪುಸ್ತಕದ ಸಂಬಂಧಿತ ಪುಟಗಳು ಮತ್ತು ಪಾವತಿಯಾದ ಬಿಲ್ಲುಗಳ ದೃಢೀಕೃತ ಪ್ರತಿ ಕೊಡಿ.’ ಅಂದಾಜಿನ ಉದ್ದ, ಅಳತೆ ಪುಸ್ತಕದ ಉದ್ದ, ನೀವು ಟೇಪಿನಲ್ಲಿ ಅಳೆದ ಉದ್ದ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಂದಾಜು 140, ಅಳತೆ 85, ಟೇಪು 85 ಇದ್ದರೆ ಕೆಲಸ ಬಾಕಿ ಇದೆ, ಕರಾರಿನ ಅವಧಿ ಮುಗಿದಿದ್ದರೆ ನೋಟಿಸ್ ಮತ್ತು ದಂಡದ ಬಗ್ಗೆ ಕೇಳಬೇಕು. ಮೂರೂ 85 ಇದ್ದರೆ ಕಾಮಗಾರಿ ಮುಗಿದೇಹೋಗಿದೆ, ಉಳಿದ ಭಾಗಕ್ಕೆ ಹೊಸ ಅಂದಾಜು ಆಗಬೇಕು, ನಿಮ್ಮ ಅರ್ಜಿ ಮುಂದಿನ ಕ್ರಿಯಾ ಯೋಜನೆಗೆ ಹೋಗಬೇಕು. ಅಳತೆ 140 ಇದ್ದು ಟೇಪು 85 ತೋರಿಸಿದರೆ ಅದು ಬೇರೆಯೇ ಗಂಭೀರ ವಿಷಯ. ಮೂರು ದಾಖಲೆಗಳ ಪ್ರತಿ ಸಮೇತ ಪೌರಾಯುಕ್ತರಿಗೂ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೂ ಲಿಖಿತ ದೂರು ಕೊಟ್ಟು, ಜಂಟಿ ಅಳತೆ ಆಗುವವರೆಗೆ ಉಳಿದ ಬಿಲ್ ಮತ್ತು ಭದ್ರತಾ ಠೇವಣಿ ತಡೆಹಿಡಿಯುವಂತೆ ಕೇಳಿ. ಜಂಟಿ ಅಳತೆಯ ದಿನ ಬಡಾವಣೆಯ ಇಬ್ಬರು ಅಲ್ಲಿದ್ದು ಮಹಜರಿಗೆ ಸಹಿ ಹಾಕುವ ಮೊದಲು ಅಂಕಿಗಳನ್ನು ಓದಿಕೊಳ್ಳಿ. ತೆರೆದು ಬಿಟ್ಟ ಗುಂಡಿಗೆ ಬೇಲಿ ಹಾಕಿಸಲು ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ಇವತ್ತೇ ಫೋಟೊ ಸಮೇತ ಅರ್ಜಿ ಕೊಡಿ, ರಾಜ್ಯ ಸರ್ಕಾರದ 1902 ದೂರು ಸಹಾಯವಾಣಿಯಲ್ಲೂ ದಾಖಲಿಸಿ ದೂರಿನ ಸಂಖ್ಯೆ ಪಡೆದುಕೊಳ್ಳಿ.